ಸತ್ತ ಮೂಲೆ

ದಿನಾ ಸಂಜೆ ಬಾಗಿಲು ತೆಗೆಯುತ್ತಿದ್ದವರು ಅತ್ತೆ. ಚಿಲಕ ಸರಿಸಿದವರೇ ಸೊಸೆಯ ಮುಖ ನೋಡಿ ಕೇಳುತ್ತಿದ್ದದ್ದು ಒಂದೇ ಮಾತು.

"ಸಿಕ್ತೇನಮ್ಮಾ?"

"ಇನ್ನೂ ಇಲ್ಲ ಅತ್ತೆ."

"ಸಿಗುತ್ತೆ ಬಿಡು. ಎಲ್ಲಿಗೆ ಹೋಗುತ್ತೆ?"

ಸೊಸೆ ಈ ಮನೆಗೆ ಕಾಲಿಟ್ಟ ವಾರದಿಂದ ಹೀಗೇ ನಡೆದುಬಂದಿತ್ತು. ಅತ್ತೆ ಆಯುಸ್ಸೆಲ್ಲ ಹೊಲಿಗೆ ಮೆಷಿನ್ ಮುಂದೆ ಕೂತು ಬೆನ್ನು ಬಗ್ಗಿಸಿಕೊಂಡವರು. ಅವರ ಪಾಲಿಗೆ ಕಳೆದುಹೋಗೋ ವಸ್ತು ಅಂದರೆ ಸೂಜಿ, ಗುಂಡಿ, ಹೆಚ್ಚೆಂದರೆ ಕತ್ತರಿ. ಸೊಸೆ ನೆಲದಡಿಯ ಸುರಂಗದಲ್ಲಿ ಸೂಜಿಗಿಂತ ಚಿಕ್ಕದೇನನ್ನೋ ಹುಡುಕುತ್ತಾಳೆ ಅನ್ನುವಷ್ಟು ಅವರಿಗೆ ಗೊತ್ತಿತ್ತು. ಹಾಗೆ ನೋಡಿದರೆ ಅದಕ್ಕಿಂತ ಹೆಚ್ಚು ತಿಳಿದುಕೊಳ್ಳೋದಕ್ಕೆ ಅಲ್ಲಿ ಇನ್ನೇನಿತ್ತು ಹೇಳಿ? ತಲೆ ಪೂರ್ತಿ ಕಪ್ಪಗಿದ್ದಾಗ ಹುಡುಕೋಕೆ ಶುರುಮಾಡಿದವಳು. ಈಗ ಕಿವಿಯ ಹತ್ತಿರ ಬೆಳ್ಳಗಾಗಿದೆ, ಇನ್ನೂ ಹುಡುಕುತ್ತಲೇ ಇದ್ದಾಳೆ.

ಅವಳು ಹುಡುಕುತ್ತಿದ್ದದ್ದು ಒಂದು ಕಣವನ್ನು. ನಮಗೆ ಗೊತ್ತಿರುವ ಒಂದೊಂದು ಕಣಕ್ಕೂ ಎಲ್ಲೋ ಒಂದು ಹೆಚ್ಚು ತೂಕದ ಜೋಡಿ ಇರಬೇಕು ಅನ್ನುತ್ತೆ ಸೂಪರ್‌ಸಿಮೆಟ್ರಿ ಅನ್ನೋ ಸಿದ್ಧಾಂತ. ಕಾಗದದ ಮೇಲೆ ನೋಡಿದರೆ ಮುದ್ದು ಬರುವಂಥ ಸಿದ್ಧಾಂತ. ಆ ಜೋಡಿಗಳು ಮಾತ್ರ ಇವತ್ತಿನವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ. ಉಂಗುರದ ಹಾಗೆ ಸುತ್ತಿಕೊಂಡಿರುವ ಸುರಂಗದಲ್ಲಿ, ಅದನ್ನೇ ಕೊಲೈಡರ್ ಅನ್ನುತ್ತಾರೆ, ಪ್ರೋಟಾನ್‌ಗಳನ್ನು ಎದುರುಬದುರು ಓಡಿಸಿ ಢಿಕ್ಕಿ ಹೊಡೆಸುತ್ತಾರೆ. ಢಿಕ್ಕಿಯಾಗುವ ಜಾಗದಲ್ಲಿ ದೊಡ್ಡ ಕಟ್ಟಡದಷ್ಟು ಎತ್ತರದ ಡಿಟೆಕ್ಟರ್ ನಿಂತು, ಸಿಡಿದದ್ದನ್ನೆಲ್ಲ ಹಿಡಿದು ಅಳೆಯುತ್ತೆ. ಆದರೆ ಈ ಜೋಡಿ ಕಣ ಎಂಥ ಖದೀಮ ಅಂದರೆ, ಹುಟ್ಟಿದರೂ ಡಿಟೆಕ್ಟರಿಗೆ ಕಾಣದೆ ತೂರಿಕೊಂಡು ಹೋಗಿಬಿಡುತ್ತೆ. ಮತ್ತೆ ಗೊತ್ತಾಗೋದು ಹೇಗೆ? ಬೆಕ್ಕು ಕಾಣದಿದ್ದರೂ ಪಾತ್ರೆಯಲ್ಲಿ ಹಾಲು ಕಡಿಮೆಯಾಗಿರುತ್ತಲ್ಲ, ಹಾಗೆ. ಈ ಕಡೆ ಸಿಡಿದ ಶಕ್ತಿಗೆ ಆ ಕಡೆ ಸರಿಸಮ ಇರಬೇಕು. ಇಲ್ಲದಿದ್ದರೆ ಯಾರೋ ಕದ್ದುಕೊಂಡು ಓಡಿದ್ದಾರೆ ಅಂತಲೇ ಅರ್ಥ. ಕೋಟಿಗಟ್ಟಲೆ ಢಿಕ್ಕಿಗಳಲ್ಲಿ ಹೀಗೆ ಹಾಲು ಕಡಿಮೆಯಾದವನ್ನು ಮಾತ್ರ ಸೋಸಿ ತೆಗೆಯೋ ಲೆಕ್ಕ ಕಟ್ಟುವುದು ಇವಳ ಕೆಲಸ. ಅದಕ್ಕೇ ಆಫೀಸಿನಲ್ಲಿ ಎಲ್ಲರೂ ಇವಳನ್ನು ಜರಡಿ ಅಂತಲೇ ಕರೆಯುತ್ತಿದ್ದರು. ಇವಳಿಗೂ ಅದರಲ್ಲಿ ಒಂದು ಚೂರು ಜಂಬವಿತ್ತು.

ಜರಡಿ ಕಟ್ಟೋದಕ್ಕೆ ಒಂದು ಕಟ್ಟುನಿಟ್ಟಿನ ನಿಯಮ. ಕಣ್ಣು ಎಷ್ಟು ದೊಡ್ಡದಿರಬೇಕು, ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಎಸೆಯಬೇಕು, ಇಷ್ಟೂ ನಿಜವಾದ ಫಲಿತಾಂಶ ನೋಡುವ ಮೊದಲೇ ತೀರ್ಮಾನವಾಗಬೇಕು. ನೋಡಿದ ಮೇಲೆ ತೀರ್ಮಾನಿಸಿದರೆ ಮನುಷ್ಯ ತನಗೆ ಬೇಕಾದ್ದನ್ನೇ ಸೋಸಿಕೊಳ್ಳುತ್ತಾನೆ. ಹೆಚ್ಚು ಓದಿದವನಾದರೆ ಇನ್ನೂ ನಾಜೂಕಾಗಿ ಸೋಸಿಕೊಳ್ಳುತ್ತಾನೆ. ಅದಕ್ಕಾಗಿ ಫಲಿತಾಂಶ ಇರುವ ಭಾಗವನ್ನು ಕಂಪ್ಯೂಟರಿನೊಳಗೆ ಮುಚ್ಚಿಟ್ಟಿರುತ್ತಾರೆ. ಪೆಟ್ಟಿಗೆ ಅಂತ ಅದರ ಹೆಸರು. ಜರಡಿ ಇನ್ನು ಬದಲಾಗೋದಿಲ್ಲ ಅಂತ ಒಪ್ಪಿ ಸಹಿ ಹಾಕಿದ ಮೇಲೇ ಪೆಟ್ಟಿಗೆ ತೆರೆಯೋದು. ತೆರೆದ ಮೇಲೆ ಏನು ಕಂಡಿತೋ ಅದೇ. ತಿದ್ದುವ ಹಾಗಿಲ್ಲ, ಗೊಣಗುವ ಹಾಗಿಲ್ಲ.

ಇನ್ನೂ ಒಂದು ಕಾವಲಿತ್ತು. ಉಂಗುರದ ಎದುರುಬದುರು ಬದಿಯಲ್ಲಿ ಎರಡು ಡಿಟೆಕ್ಟರ್. ಕಟ್ಟಿದವರು ಬೇರೆ, ನಡೆಸುವವರು ಬೇರೆ. ಒಬ್ಬರ ಪೆಟ್ಟಿಗೆಯಲ್ಲಿ ಏನು ಕಂಡಿತು ಅನ್ನೋದು ಇಬ್ಬರದೂ ತೆರೆದು ಮುಗಿಯುವವರೆಗೆ ಇನ್ನೊಬ್ಬರಿಗೆ ಗೊತ್ತಾಗಕೂಡದು. ಇಬ್ಬರಿಗೂ ಕಂಡರೆ ಇದೆ, ಇಬ್ಬರಿಗೂ ಕಾಣದಿದ್ದರೆ ಇಲ್ಲ. ಲೋಕ ನಂಬುವುದು ಇಬ್ಬರು ಬೇರೆ ಬೇರೆಯಾಗಿ ಹೇಳಿದರೆ ಮಾತ್ರ. ಇವರು ಅವರನ್ನು 'ಆ ಕಡೆಯವರು' ಅನ್ನುತ್ತಿದ್ದರು, ಅವರು ಇವರನ್ನು 'ಆ ಕಡೆಯವರು' ಅನ್ನುತ್ತಿದ್ದರು. ಇಬ್ಬರಿಗೂ ಕ್ಯಾಂಟೀನ್ ಮಾತ್ರ ಒಂದೇ. ಅಲ್ಲಿ ಒಂದು ದಿನ ಇವಳು ಆ ಕಡೆಯವನೊಬ್ಬನ ಜೊತೆ ತಟ್ಟೆ ತಣ್ಣಗಾಗುವವರೆಗೆ ಜಗಳವಾಡಿದಳು, ಆಮೇಲೆ ಅವನನ್ನೇ ಮದುವೆಯಾದಳು. ಬುದ್ಧಿವಂತರ ಹಣೆಬರಹ!

ಮನೆಗೆ ಬಂದ ಮೇಲೆ ಗಂಡ ಹೆಂಡತಿ ಸೇರಿ ತಮ್ಮದೇ ಒಂದು ನಿಯಮ ಮಾಡಿಕೊಂಡರು. ಹೊಸ್ತಿಲ ಒಳಗೆ ಕೆಲಸದ ಮಾತು ಎತ್ತಕೂಡದು. ಹೇಳಕೂಡದು, ಕೇಳಕೂಡದು, 'ಯಾಕೆ ಸಪ್ಪಗಿದ್ದೀಯಾ' ಅಂತ ಕೂಡ ವಿಚಾರಿಸಕೂಡದು. ಅವನು ಬರೆಯುತ್ತಿದ್ದದ್ದು ಹಿಂದಿನ ಕೋಣೆಯಲ್ಲಿ, ಇವಳು ಮುಂದಿನದರಲ್ಲಿ. ಅಪ್ಪಿತಪ್ಪಿ ಒಬ್ಬರ ಕೋಣೆಗೆ ಇನ್ನೊಬ್ಬರು ಹೋಗಬೇಕಾದರೆ ಹೊರಗಿನಿಂದ ಕೆಮ್ಮುತ್ತಿದ್ದರು. ಅತ್ತೆಗೆ ನಗು. "ಗಂಡನನ್ನ ನೀನು ತಾನು ಅಂತ ಕರೀತಾಳೆ, ಅವನ ಕೋಣೆಗೆ ಹೋಗೋಕೆ ಮಾತ್ರ ಕೆಮ್ಮುತ್ತಾಳೆ!" ಅನ್ನೋರು. ಈ ನಿಯಮ ಅತ್ತೆಗೆ ಅನ್ವಯಿಸುತ್ತಿರಲಿಲ್ಲ. ಮನೆಯಲ್ಲಿ ಆ ವಿಷಯ ಕೇಳುವ ಹಕ್ಕಿದ್ದದ್ದು ಅವರೊಬ್ಬರಿಗೇ. ಸಂಜೆಯ ಆ ಒಂದು ಪ್ರಶ್ನೆ ಇವಳಿಗೆ ಎಷ್ಟು ಹಿತವಾಗಿತ್ತು ಅನ್ನೋದನ್ನು ಇವಳು ಯಾರಿಗೂ ಹೇಳಿರಲಿಲ್ಲ.

ಈಗ ಬಂದದ್ದು ಕೊನೆಯ ಪೆಟ್ಟಿಗೆ. ಇದಾದ ಮೇಲೆ ಕೊಲೈಡರನ್ನು ಶಾಶ್ವತವಾಗಿ ನಿಲ್ಲಿಸುತ್ತಾರೆ ಅಂತ ಮೇಲಿನವರು ಕಡ್ಡಿ ಮುರಿದ ಹಾಗೆ ಹೇಳಿಯಾಗಿತ್ತು. ಇದರಲ್ಲಿ ಸಿಕ್ಕರೆ ಸಿಕ್ಕಿತು. ಇಲ್ಲವಾದರೆ ಇವಳ ಇಡೀ ಯೌವನ ಹುಡುಕಿದ್ದು 'ಇಲ್ಲ' ಅನ್ನೋ ಉತ್ತರಕ್ಕೆ. ಅದಕ್ಕೂ ಇವಳು ತಯಾರಿದ್ದಳು, ನಿಜವಾಗಿಯೂ ತಯಾರಿದ್ದಳು. 'ಇಲ್ಲ' ಅನ್ನೋದೂ ಒಂದು ಉತ್ತರವೇ. ಆದರೆ ಅದು ಶುದ್ಧವಾಗಿರಬೇಕು, ಯಾರ ಬೆರಳೂ ತಾಗಿರಕೂಡದು. ಅವಳು ಬೇಡಿಕೊಂಡದ್ದು ಅಷ್ಟೇ.

ತೀರ್ಮಾನವಾಗದೆ ಉಳಿದಿದ್ದದ್ದು ಒಂದೇ ವಿಷಯ. ಕರೆಂಟು ಕೊಡುವ ಸಲಕರಣೆಯೊಂದು ಸುಟ್ಟುಹೋಗಿ ಇವರ ಡಿಟೆಕ್ಟರಿನ ಒಂದು ಮೂಲೆ ಕುರುಡಾಗಿತ್ತು. ಸತ್ತ ಮೂಲೆ ಅಂತ ಅದಕ್ಕೆ ಹೆಸರು ಬಿದ್ದಿತ್ತು. ರಿಪೇರಿ ಮಾಡಬೇಕೆಂದರೆ ಡಿಟೆಕ್ಟರನ್ನೇ ಬಿಚ್ಚಬೇಕು, ಕೊನೆಗಾಲದಲ್ಲಿ ಯಾರು ಬಿಚ್ಚುತ್ತಾರೆ? ಆ ಮೂಲೆಗೆ ಬಿದ್ದ ಶಕ್ತಿ ಅಳತೆಗೆ ಸಿಗುವುದಿಲ್ಲ, ಸಿಗದೆ ಹೋದದ್ದು ಕಾಣೆಯಾದ ಹಾಗೆ ಕಾಣುತ್ತೆ. ಅಂದರೆ ಹಾಲು ಕುಡಿದದ್ದು ಬೆಕ್ಕಲ್ಲ, ಪಾತ್ರೆಯೇ ಸೋರುತ್ತಿದೆ. ಆದರೆ ಅಕ್ಕಪಕ್ಕದ ಅಳತೆ ನೋಡಿ ಆ ಸೋರಿಕೆಯನ್ನು ತುಂಬಿಕೊಳ್ಳುವ ಒಂದು ಲೆಕ್ಕವನ್ನು ಇವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಟ್ಟಿದ್ದಳು. ಒಳ್ಳೇ ಲೆಕ್ಕ. ಪರೀಕ್ಷೆ ಮಾಡಿದಲ್ಲೆಲ್ಲ ಸರಿಯಾಗಿ ಕೂತಿತ್ತು. ಅದನ್ನು ನಂಬಿದರೆ ಆ ಮೂಲೆಯ ಢಿಕ್ಕಿಗಳನ್ನು ಉಳಿಸಿಕೊಳ್ಳಬಹುದು, ನಂಬದಿದ್ದರೆ ಅಷ್ಟನ್ನೂ ಎಸೆಯಬೇಕು.

ಗುಂಪಿನ ಹಿರಿಯರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು, ಅವರು ಪಾಠ ಹೇಳುವುದು ಬಿಟ್ಟು ಎಷ್ಟೋ ವರ್ಷವಾಗಿದ್ದರೂ. ಮೇಷ್ಟ್ರು ಸೋಮವಾರ ಇವಳನ್ನು ಕರೆದು, "ನೋಡಮ್ಮಾ, ಆ ಮೂಲೆ ನಿನ್ನ ಕೂಸು. ಇಟ್ಕೊಳ್ಳೋದೋ ಬಿಡೋದೋ ಗುರುವಾರ ಹೇಳು. ನೀನು ಹೇಳಿದ್ದೇ ಕೊನೆ. ಶುಕ್ರವಾರ ತೆರೀತೀವಿ" ಅಂದರು.

"ಇಟ್ಕೊಳ್ಳೋಣ ಅಂತಲೇ ನನ್ನ ಮನಸ್ಸು ಸಾರ್."

"ಗುರುವಾರ ಹೇಳು," ಅಂದರು ಮೇಷ್ಟ್ರು, ಚಹಾದ ಲೋಟದೊಳಗೆ ನೋಡುತ್ತಾ.

ಇಟ್ಟುಕೊಳ್ಳುವುದು ಅಂತ ಅವಳು ಆಗಲೇ ನಿಶ್ಚಯಿಸಿದ್ದಳು. ಗುರುವಾರದ ಮಾತು ಬರೀ ಶಾಸ್ತ್ರಕ್ಕೆ. ಆದರೆ ನಡುವೆ ಮಂಗಳವಾರ ಅನ್ನೋದೊಂದು ಇತ್ತಲ್ಲ.

ಆ ಕಡೆಯವರು ಪೆಟ್ಟಿಗೆ ತೆರೆಯೋದು ಈ ವಾರವೋ ಮುಂದಿನ ವಾರವೋ ಅಂತ ಕ್ಯಾಂಟೀನಿನಲ್ಲಿ ಗುಸುಗುಸು ಇತ್ತು. ಮಂಗಳವಾರ ಇವಳು ಮನೆಗೆ ಬಂದಾಗ ಗಂಡನ ಕೋಟು ಆಗಲೇ ಗೂಟದ ಮೇಲಿತ್ತು. ಅವನು ಬೇಗ ಬರುವ ಪೈಕಿಯೇ ಅಲ್ಲ. ಪೆಟ್ಟಿಗೆ ತೆರೆದ ದಿನ ಮಾತ್ರ ಹಾಗಾಗುತ್ತೆ. ಏನಾದರೂ ಕಂಡಿದ್ದರೆ ಯಾರೂ ಜಾಗ ಬಿಟ್ಟು ಕದಲುವುದಿಲ್ಲ. ಏನೂ ಇಲ್ಲದಿದ್ದರೆ ಮಾಡಲು ಕೆಲಸವಿಲ್ಲದೆ ಎಲ್ಲರೂ ಜೋಲುಮುಖ ಹಾಕಿಕೊಂಡು ಮನೆಗೆ ಹೋಗುತ್ತಾರೆ.

"ಸಿಕ್ತೇನಮ್ಮಾ?" ಅಂದರು ಅತ್ತೆ ಬಾಗಿಲಲ್ಲಿ.

"ಇನ್ನೂ ಇಲ್ಲ ಅತ್ತೆ."

ಊಟಕ್ಕೆ ಕೂತಾಗ ಅತ್ತೆ ಬಡಿಸುತ್ತಾ ಮತ್ತೆ ಕೇಳಿದರು, "ಸಿಕ್ತೇನಮ್ಮಾ?" ಇವಳ ತಲೆ ಸತ್ತ ಮೂಲೆಯಲ್ಲಿತ್ತು. 'ಇನ್ನೂ ಇಲ್ಲ' ಅಂದಳು. ಈಚೆಗೆ ಅತ್ತೆ ಒಂದು ಮಾತನ್ನು ಎರಡೆರಡು ಸಲ ಆಡುತ್ತಿದ್ದರು, ಕನ್ನಡಕವನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟು ಮನೆಯೆಲ್ಲ ಜಾಲಾಡಿಸಿದ್ದರು, ನೀರಿಲ್ಲದ ಕೆಟಲನ್ನು ಒಲೆ ಮೇಲಿಟ್ಟು ತಳ ಕಪ್ಪು ಮಾಡಿದ್ದರು. ಅವೆಲ್ಲ ಇವಳ ಕಣ್ಣಿಗೆ ಬಿದ್ದಿದ್ದವು. ಆದರೆ ಮನಸ್ಸಿಗೆ ಇಳಿದಿರಲಿಲ್ಲ. ಕಾಣದ್ದನ್ನು ಹುಡುಕುವವರಿಗೆ ಕಾಣುವುದನ್ನು ನೋಡೋಕೆ ಪುರುಸೊತ್ತೆಲ್ಲಿ?

ಅತ್ತೆ ನೀರಿನ ಲೋಟ ಇಟ್ಟು ಮೂರನೇ ಸಲ ಬಾಯಿ ತೆರೆದರು. "ಅಲ್ಲಾ, ಸಿಕ್ತೇನಮ್ಮಾ ಅದು?"

ಗಂಡ ಚಮಚ ಕೆಳಗಿಟ್ಟ. "ಅಮ್ಮಾ, ಸಾಕು. ಇನ್ಮೇಲೆ ಅವಳನ್ನ ಅದೊಂದು ಮಾತು ಕೇಳಬೇಡ."

ಜೋರಾಗಿ ಹೇಳಲಿಲ್ಲ ಅವನು. ಜೋರು ಮಾಡಿದ್ದರೆ ಚೆನ್ನಾಗಿತ್ತು. ಅವನ ದನಿ ಒಡೆದಿತ್ತು, ಕಣ್ಣಂಚು ಒದ್ದೆಯಾಗಿತ್ತು. ಹೆಂಡತಿಯ ಕಡೆ ನೋಡದೆ ಅವಳ ತಟ್ಟೆಗೆ ಇನ್ನೊಂದು ತುಂಡು ರೊಟ್ಟಿ ಹಾಕಿದ. ಅತ್ತೆ ಪೆಚ್ಚಾಗಿ, "ಆಯ್ತಪ್ಪ, ನಾನೇನು ಕೇಳಬಾರದ್ದು ಕೇಳಿದೆ?" ಅಂತ ಅಡುಗೆಮನೆಗೆ ಹೋದರು.

ಅವಳು ತಟ್ಟೆಗೆ ಬಿದ್ದ ಆ ತುಂಡನ್ನೇ ನೋಡಿದಳು. ತೆರೆದಿದ್ದಾರೆ. ಏನೂ ಇಲ್ಲ. ಇವನಿಗೆ ಗೊತ್ತು. ಇನ್ನು ನನಗೂ ಸಿಗೋದಿಲ್ಲ ಅಂತ ಗೊತ್ತಾಗಿ ಅಯ್ಯೋ ಪಾಪ ಅನ್ನುತ್ತಿದ್ದಾನೆ. ಆ ಕ್ಷಣ ಅವನ ಮೇಲೆ ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೈದಿದ್ದರೂ ಸಹಿಸಿಕೊಳ್ಳುತ್ತಿದ್ದಳು, ಕರುಣೆ ತೋರಿಸಿಬಿಟ್ಟನಲ್ಲ!

'ನಿಮ್ಮದು ತೆರೆದರಾ?' ಅಂತ ಒಂದು ಮಾತು ಕೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ನಿಯಮವಿತ್ತಲ್ಲ. ಇಬ್ಬರೂ ಊಟ ಮುಗಿಸಿ ತಮ್ಮ ತಮ್ಮ ಕೋಣೆಗೆ ಹೋದರು.

ಬುಧವಾರ ಅವಳು ಆಫೀಸಿನಲ್ಲಿ ಪರದೆಯ ಮುಂದೆ ಕೂತಳು. ಕೈ ಕೀಲಿಮಣೆ ಮುಟ್ಟಲಿಲ್ಲ. ಪಕ್ಕದ ಕೋಣೆಯಲ್ಲಿ ಪ್ರಿಂಟರ್ ಗರಗರ ಅನ್ನುತ್ತಿತ್ತು, ಕಿಟಕಿಯಾಚೆ ಕಾರು ನಿಲ್ಲಿಸುವ ಜಾಗದಲ್ಲಿ ಒಬ್ಬ ಗೆರೆಗಳಿಗೆ ಹೊಸ ಬಣ್ಣ ಬಳಿಯುತ್ತಿದ್ದ. ಆ ಕಡೆಯವರ ಫಲಿತಾಂಶ ಹೇಗಾದರೂ ಕಿವಿಗೆ ಬಿದ್ದರೆ ಏನು ಮಾಡಬೇಕು ಅಂತ ಅವಳಿಗೆ ಬಾಯಿಪಾಠ ಬರುತ್ತಿತ್ತು. ನೇರ ಮೇಷ್ಟ್ರ ಹತ್ತಿರ ಹೋಗಿ ಹೇಳಬೇಕು, ಆಮೇಲೆ ಆ ಕೆಲಸಕ್ಕೆ ಕೈ ಹಚ್ಚಕೂಡದು. ಹೇಳಿದರೆ ಗಂಡನನ್ನು ಆ ಕಡೆಯವರು ಹೊರಗೆ ಹಾಕುತ್ತಾರೆ. ಇವಳನ್ನು ಪೆಟ್ಟಿಗೆಯ ಕೋಣೆಗೆ ಬಿಡುವುದಿಲ್ಲ. ಇಷ್ಟು ವರ್ಷ ಕಾದು, ಕೊನೆಯ ಪೆಟ್ಟಿಗೆ ತೆರೆಯುವಾಗ ಹೊರಗಿನ ಬೆಂಚಿನ ಮೇಲೆ ಕೂರೋದಾ? ಆಗಲಿಲ್ಲ ಅವಳ ಕೈಲಿ. ಹಾಳಾಗಿ ಹೋಗಲಿ, ಬಾಯಿ ಮುಚ್ಚಿಕೊಂಡಿರೋಣ ಅಂದುಕೊಂಡಳು.

ಬಾಯಿಯನ್ನೇನೋ ಮುಚ್ಚಿಕೊಳ್ಳಬಹುದು, ತಲೆಗೆ ಏನು ಮಾಡೋದು? ಆ ಕಡೆ ಏನೂ ಇಲ್ಲ ಅಂದ ಮೇಲೆ, ಈ ಕಡೆ ಏನಾದರೂ ಕಂಡರೆ ಅದು ಸತ್ತ ಮೂಲೆಯ ಕಿತಾಪತಿಯೇ ಆಗಿರಬೇಕು. ಲೆಕ್ಕದಲ್ಲಿ ಎಲ್ಲೋ ಎಡವಿರಬೇಕು. ಹಿಂದೊಮ್ಮೆ ಈ ಕಡೆಯವರು ಸಿಕ್ಕಿತು ಅಂತ ಕೂಗಿ, ಆಮೇಲೆ ಅದು ಪಾತ್ರೆಯ ಸೋರಿಕೆ ಅಂತ ಗೊತ್ತಾಗಿ, ಮುಖ ಮುಚ್ಚಿಕೊಂಡು ಓಡಾಡಿದ್ದರು. ಕ್ಯಾಂಟೀನಿನಲ್ಲಿ ಹಾಲಿನ ಜಗ್ಗು ತೋರಿಸಿ ಹಂಗಿಸುವವರು ಇವತ್ತಿಗೂ ಇದ್ದರು. ಮತ್ತೆ ಆ ನಗೆಪಾಟಲೇ? ಮೊನ್ನೆಯವರೆಗೆ ಚಿನ್ನದಂತಿದ್ದ ತನ್ನ ಲೆಕ್ಕದಲ್ಲಿ ಅವಳಿಗೆ ಒಂದೊಂದೇ ಬಿರುಕು ಕಾಣಿಸತೊಡಗಿತು. ಇಲ್ಲಿ ಇನ್ನೊಂದು ಪರೀಕ್ಷೆ ಮಾಡಬೇಕಿತ್ತು, ಅಲ್ಲಿ ಒಂದು ಊಹೆ ಸಡಿಲವಾಯಿತು. ಬಿರುಕುಗಳು ಮೊದಲಿಂದಲೂ ಇದ್ದವು, ಎಲ್ಲ ಲೆಕ್ಕದಲ್ಲೂ ಇರುತ್ತವೆ. ಹುಡುಕುವ ಮನಸ್ಸು ಬಂದದ್ದು ಮಾತ್ರ ಬುಧವಾರ.

ಗುರುವಾರ ಮೇಷ್ಟ್ರಿಗೆ ಹೇಳಿದಳು, "ಬಿಟ್ಟುಬಿಡೋಣ ಸಾರ್. ಅಪಾಯ ಬೇಡ."

ಮೇಷ್ಟ್ರು ಅವಳನ್ನೇ ನೋಡಿದರು. "ಸೋಮವಾರ ಇಟ್ಕೊಳ್ಳೋಣ ಅಂದಿದ್ದೆ."

"ಮತ್ತೆ ನೋಡ್ದೆ. ಪೂರ್ತಿ ಧೈರ್ಯ ಬರಲಿಲ್ಲ."

"ಸರಿ," ಅಂದರು ಅವರು. ಸಹಿಯಾಯಿತು. ಸತ್ತ ಮೂಲೆ ಜರಡಿಯಿಂದ ಹೊರಬಿತ್ತು.

ಶುಕ್ರವಾರ ಪೆಟ್ಟಿಗೆ ತೆರೆದರು. ಕಿಟಕಿಯ ಪಟ್ಟಿಗಳನ್ನು ಇಳಿಸಿದ ಕೋಣೆ, ಎಲ್ಲರಿಗೂ ಸಾಲದಷ್ಟು ಕುರ್ಚಿಗಳು, ಗೋಡೆಗೆ ಒರಗಿ ನಿಂತವರು, ಯಾರೋ ತಂದಿಟ್ಟು ಯಾರೂ ಮುಟ್ಟದ ಬಿಸ್ಕತ್ತು. ಪರದೆಯ ಮೇಲೆ ಮೊದಲು ಬೂದು ಬಣ್ಣದ ಪಟ್ಟಿ ಬಂತು. ಹೊಸ ಕಣ ಇಲ್ಲದಿದ್ದರೆ ಇಷ್ಟು ಇರುತ್ತೆ ಅಂತ ಅದರ ಅರ್ಥ. ಆಮೇಲೆ ಅದರ ಮೇಲೆ ಕಪ್ಪು ಚುಕ್ಕೆಗಳು ಒಂದೊಂದಾಗಿ ಬಂದು ಕೂತವು. ಪಟ್ಟಿಯ ಮೇಲೇ ಕೂತವು, ಒಂದೂ ಆಚೆ ಈಚೆ ಕದಲಲಿಲ್ಲ. ಹಿಂದೆ ಯಾರೋ ಅಭ್ಯಾಸಬಲದಿಂದ ಒಂದು ಚಪ್ಪಾಳೆ ತಟ್ಟಿ, ನಾಚಿಕೊಂಡು ನಿಲ್ಲಿಸಿದರು. ಮೇಷ್ಟ್ರು ಎದ್ದು, "ಸರಿ, ಇಷ್ಟೇ," ಅಂದರು. ಪ್ರೊಜೆಕ್ಟರ್ ಆರಿಸಿದ ಮೇಲೂ ಅದರ ಫ್ಯಾನು ಸ್ವಲ್ಪ ಹೊತ್ತು ತಿರುಗುತ್ತಿತ್ತು.

ಅವಳು ಅಳದೆ ಮನೆಯವರೆಗೆ ಬಂದಳು. ಬಾಗಿಲು ತೆಗೆದ ಅತ್ತೆ, ಮಗ ಬೇಡ ಅಂದದ್ದನ್ನು ಮರೆತು, ಎಂದಿನ ಹಾಗೆ ಮುಖ ಅರಳಿಸಿ, "ಸಿಕ್ತೇನಮ್ಮಾ?" ಅಂದರು. ಅಷ್ಟೇ ಸಾಕಾಯಿತು. ಅತ್ತೆಯ ಭುಜಕ್ಕೆ ಮುಖ ಹಚ್ಚಿ ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಬೆನ್ನು ಸವರಿದರು. ಅಡುಗೆಮನೆಯ ಬಾಗಿಲಲ್ಲಿ ಗಂಡ ಒದ್ದೆ ಕೈಯಲ್ಲಿ ಟವೆಲು ಹಿಡಿದು ನಿಂತು ನೋಡಿದ. ಅವನೂ ಏನೂ ಕೇಳಲಿಲ್ಲ, ಅವಳೂ ಏನೂ ಹೇಳಲಿಲ್ಲ. ನಿಯಮ ಮುರಿಯಲಿಲ್ಲ ನೋಡಿ, ಎಳ್ಳಷ್ಟೂ ಮುರಿಯಲಿಲ್ಲ.

ಕೆಲವು ವಾರ ಕಳೆದ ಮೇಲೆ ದೊಡ್ಡ ಸಭಾಂಗಣದಲ್ಲಿ ಎರಡೂ ಕಡೆಯವರು ಒಂದೇ ದಿನ ಫಲಿತಾಂಶ ಹೇಳಿದರು. ಆ ಕಡೆಯೂ ಏನೂ ಇಲ್ಲ. ಸಂಸ್ಥೆಯ ಮುಖ್ಯಸ್ಥರು ಎದ್ದು ನಿಂತು ಗಂಟಲು ಸರಿಮಾಡಿಕೊಂಡು, "ಒಬ್ಬರನ್ನೊಬ್ಬರು ನೋಡದೆ ಹುಡುಕಿದ ಎರಡು ಡಿಟೆಕ್ಟರುಗಳು ಒಂದೇ ಮಾತು ಹೇಳಿವೆ. ಇದಕ್ಕಿಂತ ಗಟ್ಟಿಯಾದ ಉತ್ತರ ಇಲ್ಲ" ಅಂದರು. ಜನ ಎದ್ದು ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು. ಎರಡೂ ಕಡೆ ಒಂದೇ ಉತ್ತರ ಬಂತಲ್ಲ, ತಾನು ಮೂಲೆ ಬಿಟ್ಟದ್ದರಿಂದ ಏನೂ ಕೆಡಲಿಲ್ಲ ಅಂತ ಅವಳ ಎದೆಯ ಭಾರ ಸ್ವಲ್ಪ ಇಳಿದಿತ್ತು. ಆ ವಾರವೇ ಕೊಲೈಡರ್ ನಿಲ್ಲಿಸಿದರು. ಪ್ರೋಟಾನ್‌ಗಳನ್ನು ದಾರಿಯಲ್ಲಿಡಲು ಮಂಜಿಗಿಂತ ತಣ್ಣಗಿಟ್ಟಿದ್ದ ಸುರಂಗದ ಅಯಸ್ಕಾಂತಗಳನ್ನು ಬೆಚ್ಚಗಾಗಲು ಬಿಟ್ಟರು, ಬಿಚ್ಚೋದಕ್ಕೆ ಜನ ಒಳಗೆ ಇಳಿದರು.

ಭಾನುವಾರ ಮಧ್ಯಾಹ್ನ ಕೆಟಲ್ ಮತ್ತೆ ಸೀದುಹೋಯಿತು. ಅತ್ತೆ ಪಕ್ಕದ ಕೋಣೆಯಲ್ಲಿ ಗುಂಡಿಗಳ ಡಬ್ಬಿ ಸುರುವಿಕೊಂಡು ಕೂತಿದ್ದರು. ಗಂಡ ಕೆಟಲನ್ನು ತಿಕ್ಕುತ್ತಾ ಅವಳ ಕಡೆ ತಿರುಗದೆ ಹೇಳಿದ, "ಅಮ್ಮನ ವಿಷಯ ನಿನಗೆ ಹೇಳಬೇಕು. ನಿನ್ನ ಪೆಟ್ಟಿಗೆ ಮುಗೀಲಿ ಅಂತ ಇಷ್ಟು ದಿನ ಹೊಟ್ಟೇಲಿಟ್ಕೊಂಡಿದ್ದೆ. ಆಮೇಲೆ ನಿನ್ನ ಮುಖ ನೋಡಿ ಬಾಯಿ ಬರಲಿಲ್ಲ."

"ಏನಾಯ್ತು?"

"ಮರೆವಿನ ಕಾಯಿಲೆ. ವಾಸಿಯಾಗೋದಲ್ಲ. ಡಾಕ್ಟರು ಹೇಳಿದ್ರು, ಇನ್ನು ಕೇಳಿದ್ದನ್ನೇ ಕೇಳ್ತಾ ಇರ್ತಾರೆ, ಆಮೇಲೆ ಒಂದು ದಿನ ಅದನ್ನೂ ಕೇಳಲ್ಲ ಅಂತ. ಅವತ್ತು ಒಂದೇ ಸಂಜೆ ಮೂರು ಸಲ ಕೇಳಿದ್ರಲ್ಲ ನಿನ್ನ... ನನಗೆ ತಡೆಯೋಕಾಗಲಿಲ್ಲ. ಬೇಡ ಅಂದುಬಿಟ್ಟೆ."

ಅವಳು ಟೇಬಲ್ಲಿನ ಅಂಚು ಹಿಡಿದುಕೊಂಡಳು. "ಯಾವತ್ತು?"

"ಆ ಮಂಗಳವಾರ. ಅರ್ಧ ದಿನ ರಜೆ ಹಾಕಿ ಕರ್ಕೊಂಡು ಹೋಗಿದ್ದೆ."

"ಅವತ್ತು ನಿಮ್ಮ ಪೆಟ್ಟಿಗೆ ತೆರೆದಿದ್ರಲ್ಲ."

"ಮಂಗಳವಾರಾನಾ?" ಅವನು ಈಗ ತಿರುಗಿದ. "ಇಲ್ವಲ್ಲ. ನಮ್ಮದು ತೆರೆದದ್ದು ನಿಮ್ಮದಾದ ಮೇಲೆ, ಮುಂದಿನ ವಾರ."

ನಲ್ಲಿಯಿಂದ ನೀರು ಸುರಿಯುತ್ತಲೇ ಇತ್ತು. ಅವಳು ಎಲ್ಲವನ್ನೂ ಹೇಳಿದಳು. ಕೋಟು ನೋಡಿದ್ದು, ಒದ್ದೆ ಕಣ್ಣು ನೋಡಿದ್ದು, ಸತ್ತ ಮೂಲೆಯನ್ನು ಎಸೆದದ್ದು. ಹೇಳುತ್ತಾ ಹೋದ ಹಾಗೆ ಅವನ ಮುಖದ ರಕ್ತ ಇಳಿದುಹೋಯಿತು. ಅದು ಇವಳ ಮೇಲಿನ ಕನಿಕರ ಅಲ್ಲ ಅಂತ ಅವಳಿಗೆ ತಿಳಿಯಿತು. ಈ ಸಲ ಸರಿಯಾಗಿಯೇ ಓದಿದ್ದಳು.

"ನೀನೇನು ಮಾಡಿದೆ?" ಅಂದಳು.

ಅವನು ಸ್ಟೂಲಿನ ಮೇಲೆ ಕುಸಿದು ಕೂತ. "ಶುಕ್ರವಾರ ನೀನು ಬಂದು ಅಳ್ತಿದ್ದೆಯಲ್ಲ. ನಿಮ್ಮಲ್ಲಿ ಏನೂ ಇಲ್ಲ ಅಂತ ಗೊತ್ತಾಯ್ತು. ಎಷ್ಟು ಶಕ್ತಿ ಕಾಣೆಯಾದ್ರೆ ಲೆಕ್ಕಕ್ಕೆ ತಗೋಬೇಕು ಅಂತ ನಮ್ಮಲ್ಲಿ ಎಳೆದಾಟ ನಡೀತಿತ್ತು. ನಾನು ಗೆರೆ ಕೆಳಗೇ ಇರಲಿ ಅಂತಿದ್ದವನು. ಸೋಮವಾರ ಹೋಗಿ ಮೇಲಕ್ಕೆ ಎತ್ತೋಣ ಅಂದೆ. ಕೆಳಗಿದ್ರೆ ಏನಾದ್ರೂ ಸುಳ್ಳುಪಳ್ಳು ಕಂಡು ಮಾನ ಹೋಗುತ್ತೆ ಅನ್ನಿಸ್ತು. ಒಪ್ಪಿದ್ರು."

ಅವಳಿಗೆ ನಗು ಬಂತು. ಬಂದ ನಗು ಬಾಯಲ್ಲೇ ಕಹಿಯಾಯಿತು. ಲೋಕವೆಲ್ಲ ಎರಡು ಸಾಕ್ಷಿ ಅಂತ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ಇದ್ದದ್ದು ಒಂದೇ ಅಡುಗೆಮನೆ. ಅವನು ಅಮ್ಮನಿಗಾಗಿ ಅತ್ತದ್ದನ್ನು ನೋಡಿ ಇವಳು ಕೈಬಿಟ್ಟಳು, ಇವಳು ಅತ್ತದ್ದನ್ನು ನೋಡಿ ಅವನು ಕೈಬಿಟ್ಟ.

ಸೋಮವಾರ ಅವಳು ಮೇಷ್ಟ್ರ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಒಂದನ್ನೂ ಮುಚ್ಚಿಡದೆ ಒಪ್ಪಿಸಿದಳು. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕುರ್ಚಿ ಎಳೆದುಕೊಂಡು, "ತೆಗಿ ಆ ಮೂಲೆನ" ಅಂದರು.

ಅವಳು ತೆಗೆದಳು. ಪೆಟ್ಟಿಗೆ ತೆರೆದ ವಾರದ ಸೋಮವಾರ ಇಟ್ಟುಕೊಳ್ಳೋಣ ಅಂದಿದ್ದ ಅದೇ ಲೆಕ್ಕ, ಒಂದು ಅಂಕಿ ಬದಲಿಸದೆ. ಬೂದು ಪಟ್ಟಿ ಬಂತು. ಕಪ್ಪು ಚುಕ್ಕೆಗಳು ಬಂದವು. ಒಂದು ಕಡೆ ಅವು ಪಟ್ಟಿ ಬಿಟ್ಟು ಮೇಲೆದ್ದು ನಿಂತಿದ್ದವು. ದೊಡ್ಡ ಗುಡ್ಡವೇನಲ್ಲ. ಆದರೆ ಕಣ್ಣಿದ್ದವರಿಗೆ ಕಾಣುವಷ್ಟು ಇತ್ತು.

"ಇದು ಅದೇನಾ ಸಾರ್?"

"ಇರಬಹುದು. ಸತ್ತ ಮೂಲೆ ಸುಳ್ಳು ಹೇಳಿದ್ರೂ ಹೀಗೇ ಕಾಣುತ್ತೆ."

"ಹೇಗೆ ಗೊತ್ತಾಗೋದು?"

"ಮೂಲೆ ರಿಪೇರಿ ಮಾಡಿ, ಮತ್ತೆ ಢಿಕ್ಕಿ ಹೊಡೆಸಿ ನೋಡಿದ್ರೆ ಗೊತ್ತಾಗೋದು." ಮೇಷ್ಟ್ರು ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಂಡರು. "ಕೆಳಗೆ ಅಯಸ್ಕಾಂತ ಬಿಚ್ತಿದ್ದಾರಮ್ಮಾ. ನಮ್ಮ ಕಾಲದಲ್ಲಿ ಇನ್ನೊಂದು ಕಟ್ಟಲ್ಲ."

"ಹೀಗೊಂದಿದೆ ಅಂತ ಹೇಳೋಣ. ನನ್ನಿಂದ ತಪ್ಪಾಯ್ತು ಅಂತಾನೂ ಹೇಳೋಣ."

"ಏನಂತ ಹೇಳ್ತೀಯಾ? ಪೆಟ್ಟಿಗೆ ತೆರೆದ್ವಿ, ಏನೂ ಸಿಗಲಿಲ್ಲ, ಆಮೇಲೆ ಎಸೆದದ್ದನ್ನ ಕೆದಕಿದ್ವಿ, ಸಿಕ್ತು ಅಂತಾನಾ? ಬೇರೆ ಯಾರಾದ್ರೂ ಬಂದು ಹೀಗೆ ಹೇಳಿದ್ರೆ ಮೊದಲು ನಗೋದು ನೀನೇ. ಗುರುವಾರ ಇಟ್ಕೊಂಡಿದ್ರೆ ಇದು ಸಾಕ್ಷಿ. ಇವತ್ತು ಇದು ಆಸೆ. ಆ ಕಡೆಯವರು ಈಗ ಗೆರೆ ಇಳಿಸಿ ನೋಡಿದ್ರೂ ಅಷ್ಟೇ." ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು, "ಯಾಕೆ ಮನಸ್ಸು ಬದಲಾಯಿಸಿದೆ ಅಂತ ಅವತ್ತು ನಾನು ಕೇಳಬೇಕಿತ್ತು. ಕೇಳಲಿಲ್ಲ. ನನಗೂ ಹೆದರಿಕೆ ಇತ್ತು. ಮನೆಗೆ ಹೋಗು."

ಅವರು ತಾವೇ ಕೈಚಾಚಿ ಪರದೆ ಆರಿಸಿದರು.

ಬಸ್ಸಿನಲ್ಲಿ ಅವಳಿಗೆ ಅಳು ಬರಲಿಲ್ಲ. ಬೇಡ ಬೇಡ ಅಂದರೂ ಒಂದೇ ಯೋಚನೆ ಬರುತ್ತಿತ್ತು. ಸಿಗದೇ ಹೋಗಿದ್ದರೆ ಬದುಕಬಹುದಿತ್ತು. ಸಿಕ್ಕಿತೋ ಇಲ್ಲವೋ ಅಂತ ಸಾಯುವವರೆಗೂ ಗೊತ್ತಾಗದ ಹಾಗೆ ಮಾಡಿಕೊಂಡದ್ದು ತಾನೇ.

ಬಾಗಿಲು ತೆಗೆದವರು ಅತ್ತೆಯೇ. ರವಿಕೆಗೆ ಒಂದು ಸೂಜಿ ಚುಚ್ಚಿಕೊಂಡಿದ್ದರು, ದಾರ ನೇತಾಡುತ್ತಿತ್ತು.

"ಸಿಕ್ತೇನಮ್ಮಾ?"

'ಇನ್ನೂ ಇಲ್ಲ' ಅನ್ನೋಕೆ ಹೋದಳು, ಬಾಯಿ ಬರಲಿಲ್ಲ. "ಗೊತ್ತಿಲ್ಲ ಅತ್ತೆ."

"ಗೊತ್ತಿಲ್ಲ ಅಂದ್ರೆ? ಎಲ್ಲಾ ಕಡೆ ಹುಡುಕಿದ್ಯೋ ಇಲ್ವೋ?"

"ಒಂದು ಮೂಲೆ ಬಿಟ್ಟೆ."

ಅತ್ತೆ ನಕ್ಕುಬಿಟ್ಟರು. ಎಷ್ಟೋ ದಿನದ ಮೇಲೆ ಮನಸಾರೆ ನಕ್ಕರು. "ಅಯ್ಯೋ ಹುಚ್ಚಿ! ಅಲ್ಲೇ ಇರುತ್ತೆ ಕಣೇ. ನಾಳೆ ಹೋದ ತಕ್ಷಣ ಮೊದಲು ಅಲ್ಲೇ ನೋಡು."

"ಆಗಲಿ ಅತ್ತೆ."

ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಅಮ್ಮನನ್ನು ತಡೆಯೋಕೆ ಒಂದು ಹೆಜ್ಜೆ ಮುಂದಿಟ್ಟವನು ಅಲ್ಲೇ ನಿಂತ. ಅವಳು ಬೂಟು ಬಿಚ್ಚಿ, ಕೋಟು ತೂಗುಹಾಕಿ, ಕೈ ತೊಳೆದು ಬಂದಳು. ಅತ್ತೆ ಇನ್ನೂ ಬಾಗಿಲ ಹತ್ತಿರವೇ ಇದ್ದರು. ಇವಳನ್ನು ಈಗಷ್ಟೇ ಕಂಡವರ ಹಾಗೆ ಮುಖ ಅರಳಿಸಿದರು.

"ಬಂದ್ಯಾ? ಸಿಕ್ತೇನಮ್ಮಾ?"

"ಒಂದು ಮೂಲೆ ಬಿಟ್ಟೆ ಅತ್ತೆ," ಅಂದಳು ಅವಳು.